ಸೊಂಟದ ಆಯುಧ ಯಾರ ಕೈಗೆ ಎಟುಕಬೇಕು?

ಕಳೆದ ದೀಪಾವಳಿಯ ರಜೆಯಲ್ಲಿ ಅರಸೀಕೆರೆಗೆ ಬಂದಿದ್ದ ನನ್ನ ತಂಗಿಯ ಮಗ, ಊಟ ಮುಗಿಸಿ ಜಗಲಿಯ ಮೇಲೆ ಕುಳಿತಿದ್ದಾಗ ಒಂದು ಪ್ರಶ್ನೆ ಕೇಳಿದ. ಅವನು ಕೇಂದ್ರದ ಸಶಸ್ತ್ರ ಪಡೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಅವನ ತುಕಡಿಗೆ ಹೊಸ ಮಾದರಿಯ ಗುಂಡುನಿರೋಧಕ ಕವಚಗಳು ಬಂದಿವೆಯಂತೆ. ಎದೆ, ಪಕ್ಕೆ, ಬೆನ್ನು ಎಲ್ಲ ಕಡೆಯೂ ಹೊಲಿದ ಪಟ್ಟಿಗಳ ಸಾಲು. ಮದ್ದುಗುಂಡಿನ ಚೀಲವನ್ನಾಗಲಿ, ಪಿಸ್ತೂಲಿನ ಒರೆಯನ್ನಾಗಲಿ ಧರಿಸುವವನು ತನಗೆ ಬೇಕಾದ ಕಡೆ ಸಿಕ್ಕಿಸಿಕೊಳ್ಳಬಹುದು. ಹೆಗಲಿನಲ್ಲಿ ರೈಫಲ್ ಇದ್ದೇ ಇರುತ್ತದೆ. ಅದು ಕೈಕೊಟ್ಟ ಗಳಿಗೆಯಲ್ಲಿ ಒದಗಬೇಕಾದದ್ದು ಪಿಸ್ತೂಲು. ‘ಮಾವ, ಅದನ್ನು ಎಲ್ಲಿಟ್ಟುಕೊಂಡರೆ ಒಳ್ಳೆಯದು? ಎದೆಯ ಮೇಲೋ, ಸೊಂಟಕ್ಕೋ, ತೊಡೆಗೋ? ನೀವು ಹೇಳಿ’ ಎಂದ.

ಮೂವತ್ತು ವರ್ಷಗಳಿಗೂ ಮಿಕ್ಕಿ ಪೊಲೀಸ್ ಸಮವಸ್ತ್ರ ಧರಿಸಿದವನು ನಾನು. ಆದರೂ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಕಾಲದಲ್ಲಿ ಬೆಲ್ಟು ಕೊಡುತ್ತಿದ್ದರು, ಬಲಗಡೆಗೆ ಚರ್ಮದ ಒರೆ, ಅದರೊಳಗೆ ರಿವಾಲ್ವರ್, ಅದರ ಹಿಡಿಯಿಂದ ಹೆಗಲಿಗೆ ಒಂದು ಲ್ಯಾನ್ಯಾರ್ಡ್ ಹಗ್ಗ. ಅಲ್ಲಿಗೆ ಮುಗಿಯಿತು. ಆಯುಧದ ಜಾಗವೆಂಬುದು ಶಿಸ್ತಿನ ವಿಷಯವಾಗಿತ್ತೇ ಹೊರತು ವಿಚಾರದ ವಿಷಯವಾಗಿರಲಿಲ್ಲ.

ಉತ್ತರ ಹೇಳುವ ಮೊದಲು ಪರೀಕ್ಷಿಸಿ ನೋಡೋಣವೆಂದು ತೋಟಕ್ಕೆ ಹೋದೆವು. ಪಿಸ್ತೂಲು ಅವನ ಪಡೆಯ ಶಸ್ತ್ರಾಗಾರದಲ್ಲಿತ್ತು, ಅಲ್ಲಿಯೇ ಇರತಕ್ಕದ್ದು. ತೆಂಗಿನ ಮಟ್ಟೆಯ ಒಂದು ತುಂಡನ್ನು ಕೆತ್ತಿ ಪಿಸ್ತೂಲಿನ ಗಾತ್ರಕ್ಕೆ ತಂದೆವು. ಹಳೆಯ ಬೆನ್ನುಚೀಲವೊಂದನ್ನು ಎದೆಗೆ ಕಟ್ಟಿ ಕವಚವೆಂದು ಭಾವಿಸಿದೆವು. ಮೊದಲು ಮಟ್ಟೆಯನ್ನು ಎದೆಗೆ ಸಿಕ್ಕಿಸಿದ. ನಿಂತಾಗಲೂ ಕಾರಿನಲ್ಲಿ ಕುಳಿತಾಗಲೂ ಚೆನ್ನಾಗಿ ಕೈಗೆ ಸಿಕ್ಕಿತು. ಆದರೆ ನೆಲಕ್ಕೆ ಬೋರಲಾಗಿ ಮಲಗಿದೊಡನೆ ಪಕ್ಕೆಲುಬಿಗೆ ಒತ್ತಿತು. ಎಳೆಯುವಾಗ ಅದರ ಮೂತಿ ಅವನ ಎಡತೋಳನ್ನೂ ಎಡಕ್ಕೆ ನಿಂತಿದ್ದ ನನ್ನನ್ನೂ ದಾಟಿಯೇ ಮುಂದಕ್ಕೆ ಬಂದಿತು. ಎದುರಾಳಿ ಮೈಮೇಲೆ ಬಿದ್ದರೆ ಅವನ ಕೈಗೆ ಮೊದಲು ಸಿಗುವುದೂ ಅದೇ. ತೊಡೆಗೆ ಕಟ್ಟಿಕೊಂಡಾಗ ನಡೆಯುವಾಗ ಸರಿಯಾಗಿತ್ತು. ಓಡಿದಾಗ ತೂಗಾಡಿತು, ಪಂಪ್‌ಸೆಟ್ ಮನೆಯ ಗೋಡೆ ಹತ್ತುವಾಗ ಅಡ್ಡಬಂದಿತು. ಬೆನ್ನ ಹಿಂದೆ ಸಿಕ್ಕಿಸಿಕೊಂಡು ಕಾರಿನಲ್ಲಿ ಕುಳಿತಾಗ ಅದು ಇದ್ದೂ ಇಲ್ಲದಂತಾಯಿತು. ಹಾಗೆಯೇ ಅಂಗಾತ ಬಿದ್ದರೆ ಬೆನ್ನುಮೂಳೆಯ ಗತಿಯೇನು ಎಂದು ಇಬ್ಬರಿಗೂ ಅನ್ನಿಸಿತು. ಬಲಸೊಂಟದ ಮೇಲೆ, ಚೀಲದ ಕೆಳಅಂಚಿನಿಂದ ನಾಲ್ಕು ಬೆರಳು ತಗ್ಗಿಗೆ ಇಟ್ಟಾಗ ಮಾತ್ರ ಕೈ ತಾನಾಗಿಯೇ ಅಲ್ಲಿಗೆ ಇಳಿಯಿತು. ಆದರೆ ಅಲ್ಲಿಯೂ ತೊಡಕಿತ್ತು. ನಮ್ಮ ದೇಶದ ಕಾರಿನಲ್ಲಿ ಚಾಲಕನ ಪಕ್ಕದ ಆಸನದಲ್ಲಿ ಕುಳಿತವನ ಸೀಟ್ ಬೆಲ್ಟಿನ ಕೊಂಡಿ ಸರಿಯಾಗಿ ಅವನ ಬಲಸೊಂಟದ ಬಳಿಗೇ ಬರುತ್ತದೆ.

ಎಲ್ಲ ವೇಳೆಗೂ ಒಪ್ಪುವ ಜಾಗವೊಂದಿಲ್ಲ ಎಂಬುದು ಅರ್ಧ ಗಂಟೆಯಲ್ಲಿ ಸ್ಪಷ್ಟವಾಯಿತು. ಆ ರಾತ್ರಿ ನನಗೆ ನಾಲ್ಕು ದಶಕಗಳ ಹಿಂದಿನ ಒಂದು ಸಂಜೆ ನೆನಪಾಯಿತು.

ಆಗಷ್ಟೇ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಅರಸೀಕೆರೆ ಸೀಮೆಯ ಬೆಟ್ಟವೊಂದರ ಜಾತ್ರೆಗೆ ಬಂದೋಬಸ್ತಿಗೆ ಹೋಗಿದ್ದೆ. ಕತ್ತಲಾಗುವ ಹೊತ್ತಿಗೆ ಮೆಟ್ಟಿಲಿನ ಇಕ್ಕಟ್ಟಿನಲ್ಲಿ ಒಬ್ಬ ಮುದುಕಿ ಕುಸಿದುಬಿದ್ದಳು. ನಾನು ಬಗ್ಗಿ ಎರಡೂ ಕೈಗಳಿಂದ ಆಕೆಯನ್ನು ಎತ್ತುತ್ತಿದ್ದೆ. ನನ್ನ ಹಿಂದೆ ಜನ ಒತ್ತುತ್ತಿದ್ದರು. ಆಕೆಯನ್ನು ಪಕ್ಕಕ್ಕೆ ಕೂರಿಸಿ ನೆಟ್ಟಗಾದಾಗ ಲ್ಯಾನ್ಯಾರ್ಡ್ ಬಿಗಿದಿತ್ತು. ಒರೆಯ ಮುಚ್ಚಳ ತೆರೆದಿತ್ತು. ರಿವಾಲ್ವರ್ ಹಗ್ಗದ ತುದಿಯಲ್ಲಿ ಮೊಣಕಾಲಿನ ಬಳಿ ನೇತಾಡುತ್ತಿತ್ತು. ಯಾರೋ ಎಳೆದರೋ, ಯಾರದೋ ಚೀಲಕ್ಕೆ ಸಿಕ್ಕಿ ಬಂದಿತೋ ಇಂದಿಗೂ ತಿಳಿಯದು. ಅದರೊಳಗೆ ಆರು ಜೀವಂತ ಗುಂಡುಗಳಿದ್ದವು; ಸುತ್ತ ಮಕ್ಕಳನ್ನು ಹೆಗಲ ಮೇಲೆ ಹೊತ್ತ ಜನ. ಪಕ್ಕದಲ್ಲಿದ್ದ ಹಿರಿಯ ದಫೇದಾರರು ಏನೂ ಆಗದವರಂತೆ ನನ್ನ ಮುಂದೆ ಅಡ್ಡ ನಿಂತರು. ನಾನು ಅದನ್ನು ಒಳಗೆ ಸೇರಿಸಿದ ಮೇಲೆ ಮೆಲ್ಲಗೆ ಹೇಳಿದರು: ‘ಸಾರ್, ಜನದೊಳಗೆ ನಿಂತಾಗ ಮೊಣಕೈ ಅದರ ಮೇಲಿರಲಿ. ಬಗ್ಗುವುದಿದ್ದರೆ ನನಗೆ ಹೇಳಿ, ನಾನು ಬಗ್ಗುತ್ತೇನೆ.’ ಅವರ ಸೊಂಟದಲ್ಲಿ ಆಯುಧವಿರಲಿಲ್ಲ, ಕೈಯಲ್ಲಿ ಲಾಠಿ ಮಾತ್ರ ಇತ್ತು. ನಾನು ಈ ಸಂಗತಿಯನ್ನು ಡೈರಿಯಲ್ಲಿ ಬರೆಯಲಿಲ್ಲ. ಬರೆಯಬೇಕಿತ್ತು.

ಆದ್ದರಿಂದಲೇ ಇದು ಕಮಾಂಡೊಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಓದುಗರು ಭಾವಿಸಬಾರದು. ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲುವ ಗಸ್ತು ವಾಹನದಲ್ಲಿ, ಮಂತ್ರಿಗಳ ಹಿಂದೆ ನಡೆಯುವ ಗನ್‌ಮ್ಯಾನ್‌ಗಳಲ್ಲಿ, ಮದುವೆ ಮನೆಗೆ ಪರವಾನಗಿ ಪಿಸ್ತೂಲು ಸಿಕ್ಕಿಸಿಕೊಂಡು ಬರುವ ಶ್ರೀಮಂತರಲ್ಲಿ ಸೊಂಟದ ಆಯುಧ ನಮ್ಮ ನಡುವೆಯೇ ಓಡಾಡುತ್ತಿದೆ. ಅದು ಎಲ್ಲಿದೆ, ಯಾರ ಕೈಗೆ ಎಟುಕುತ್ತದೆ ಎಂಬುದು ಪಕ್ಕದಲ್ಲಿ ನಿಂತವನ ಪ್ರಾಣದ ಪ್ರಶ್ನೆಯೂ ಹೌದು.

ಮಾರನೆಯ ದಿನ ಅವನನ್ನು ಕರೆದುಕೊಂಡು ಬೇಲೂರಿಗೆ ಹೊರಟೆ. ಬರುತ್ತಾ ಹಳೇಬೀಡು ನೋಡಿಕೊಂಡು ಬರುವುದೆಂದು ಮಾತಾಯಿತು. ಬೆಂಗಳೂರಿನ ಗಸ್ತು ವಾಹನಗಳಿಗೆ ‘ಹೊಯ್ಸಳ’ ಎಂದು ಹೆಸರಿಟ್ಟ ನಾವು, ಆ ಹೆಸರಿನವರು ಆಯುಧವನ್ನು ಹೇಗೆ ಧರಿಸುತ್ತಿದ್ದರೆಂದು ನೋಡಿದ್ದೇವೆಯೆ ಎಂಬ ಕುತೂಹಲ ನನ್ನದು.

ಬೇಲೂರಿನ ಚೆನ್ನಕೇಶವ ದೇಗುಲ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡದ್ದು. 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ದೇಗುಲಗಳೊಡನೆ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರು ಮದನಿಕೆಯರನ್ನು ಹುಡುಕುತ್ತ ಒಳಗೆ ಸರಿಯುತ್ತಾರೆ. ನಾವು ಬಾಗಿಲ ಬಳಿ ಮೃಗದೊಡನೆ ಸೆಣಸುವ ಸಳನ ಮುಂದೆಯೇ ನಿಂತೆವು. ಕಥೆ ಎಲ್ಲರಿಗೂ ಗೊತ್ತಿರುವುದೇ. ಸೊಸೆವೂರಿನ ವಾಸಂತಿಕೆಯ ಗುಡಿಯಲ್ಲಿ ಹುಲಿ ಎರಗಿತು, ಸುದತ್ತ ಮುನಿ ‘ಹೊಯ್ ಸಳ’ ಎಂದರು, ಅವನು ಹೊಯ್ದ. ಇದು ಇತಿಹಾಸವೋ, ರಾಜಮನೆತನದ ಹೆಸರನ್ನು ವಿವರಿಸಲು ಹುಟ್ಟಿದ ಕಥೆಯೋ ಎಂಬುದು ವಿದ್ವಾಂಸರಿಗೆ ಬಿಟ್ಟ ಮಾತು. ನನ್ನ ಸೋದರಳಿಯ ನೋಡಿದ್ದು ಬೇರೆಯದನ್ನು. ‘ಮಾವ, ಹುಲಿ ಆಗಲೇ ಮೈಮೇಲಿದೆ. ಅವನ ಆಯುಧವೂ ಆಗಲೇ ಕೈಯಲ್ಲಿದೆ. ತೆಗೆದದ್ದು ಯಾವಾಗ?’

ಪ್ರಶ್ನೆ ಸರಿಯಾಗಿತ್ತು. ‘ಹೊಯ್’ ಎಂಬ ಕೂಗಿಗೂ ಹೊಡೆತಕ್ಕೂ ನಡುವೆ ಇರುವ ಕಾಲ ಎಷ್ಟು? 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಇದನ್ನೇ ಅಳೆದು ಬರೆದರು. ಚಾಕು ಹಿಡಿದವನೊಬ್ಬ 21 ಅಡಿ ದೂರವನ್ನು ಓಡಿ ಮುಟ್ಟಲು ಸುಮಾರು ಒಂದೂವರೆ ಸೆಕೆಂಡು ಸಾಕು. ತರಬೇತಾದ ಪೊಲೀಸನಿಗೆ ಒರೆಯಿಂದ ಪಿಸ್ತೂಲು ತೆಗೆದು ಹಾರಿಸಲೂ ಅಷ್ಟೇ ಹೊತ್ತು ಬೇಕು. ಅಂದರೆ ಒಂದು ಪಡಸಾಲೆಯ ಉದ್ದದೊಳಗೆ ಇಬ್ಬರೂ ಸಮಾನರು. ಆಯುಧ ನಾಲ್ಕು ಬೆರಳು ಆಚೆಗಿದ್ದರೆ, ಒರೆಯ ಗುಂಡಿ ಬಿಗಿಯಾಗಿದ್ದರೆ, ಕೈ ಹುಡುಕಾಡಿದರೆ, ಆ ಒಂದೂವರೆ ಸೆಕೆಂಡು ಕಳೆದುಹೋಗುತ್ತದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ಇಲ್ಲಿ ನಗೆಯ ಮಾತಲ್ಲ. ಮೊದಲ ನಿಯಮ ಇಲ್ಲಿಂದ ಹುಟ್ಟುತ್ತದೆ: ಜಾಗ ಯಾವುದೇ ಇರಲಿ, ಅದು ದಿನವೂ ಅದೇ ಆಗಿರಬೇಕು. ಇಂದು ಎದೆ, ನಾಳೆ ತೊಡೆ ಎಂದು ಬದಲಿಸುವವನ ಕೈ ಆಪತ್ತಿನಲ್ಲಿ ಹಳೆಯ ಜಾಗಕ್ಕೇ ಹೋಗುತ್ತದೆ.

ಹಾಗಾದರೆ ಜಾಗವನ್ನು ನಿರ್ಧರಿಸುವವರಾರು? ಕೆಲಸ ಮತ್ತು ಶರೀರ ಎಂದು ಚರಿತ್ರೆ ಹೇಳುತ್ತದೆ. ನಮ್ಮ ಪಕ್ಕದ ಕೊಡಗನ್ನೇ ನೋಡಿ. ಕುಪ್ಯ ತೊಟ್ಟ ಕೊಡವರು ರೇಷ್ಮೆಯ ನಡುಕಟ್ಟು ಚೇಲೆಗೆ ಮುಂಭಾಗದಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸುತ್ತಾರೆ. ಅಗಲ ಅಲಗಿನ, ಬಾಗಿದ ಒಡಿಕತ್ತಿಗೆ ಜಾಗ ಬೆನ್ನ ಹಿಂದೆ, ತೋಡಂಗ್ ಎಂಬ ಹಿತ್ತಾಳೆಯ ಹಿಡಿಕೆಯಲ್ಲಿ, ಒರೆಯಿಲ್ಲದೆ. ಇಂದು ಇವು ಮದುವೆಯ, ಹಬ್ಬದ ಅಲಂಕಾರ. ಆದರೆ ಕಾಡಿನ ಬದುಕನ್ನು ನೆನೆದರೆ ಈ ಹಂಚಿಕೆಯ ವಿವೇಕ ಹೊಳೆಯುತ್ತದೆ. ಪೊದೆಗಳ ನಡುವೆ ನುಸುಳುವವನಿಗೆ ಮುಂಭಾಗ ಬಿಡುವಾಗಿರಬೇಕು, ದೊಡ್ಡ ಕತ್ತಿ ಹಿಂದಿರಲಿ. ಮೈಮೇಲೆ ಬಿದ್ದದ್ದನ್ನು ಎದುರಿಸುವ ಗಿಡ್ಡ ಕತ್ತಿ ಮುಂದೆಯೇ, ಎರಡು ಕೈಗಳಿಗೂ ಎಟುಕುವಂತಿರಲಿ. ಸರ್ಕಾರಗಳು ಕೊಡವರನ್ನು 1861ರಿಂದ ಆಯುಧ ಪರವಾನಗಿಯ ನಿಯಮದಿಂದ ಹೊರಗಿಟ್ಟಿವೆ. 2019ರಲ್ಲಿ ಕೇಂದ್ರವು ಕೋವಿಗಳ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೂ ಕತ್ತಿಗೂ ಮನೆಯೊಳಗೆ ಪೂಜೆಯ ಜಾಗವೊಂದಿದೆ. ಆಯುಧಕ್ಕೆ ಮೈಮೇಲೊಂದು ನೆಲೆ, ಮನೆಯಲ್ಲೊಂದು ನೆಲೆ ಎರಡನ್ನೂ ಗೊತ್ತುಮಾಡಿದ ಸಮಾಜ ಅದು.

ಶರೀರ ನಿರ್ಧರಿಸಿದ್ದಕ್ಕೆ ಇನ್ನೊಂದು ಉದಾಹರಣೆ ನಮ್ಮ ಪೊಲೀಸ್ ಅಧಿಕಾರಿಗಳ ಮೈಮೇಲೆಯೇ ಇದೆ. ವಿಧ್ಯುಕ್ತ ಸಮವಸ್ತ್ರದಲ್ಲಿ ಬಲಹೆಗಲಿನಿಂದ ಅಡ್ಡಲಾಗಿ ಇಳಿಯುವ ಚರ್ಮದ ಪಟ್ಟಿಯ ಹೆಸರು ಸ್ಯಾಮ್ ಬ್ರೌನ್ ಬೆಲ್ಟು. ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿ ಸ್ಯಾಮ್ಯುಯಲ್ ಬ್ರೌನ್ 1858ರಲ್ಲಿ ಉತ್ತರ ಭಾರತದ ಕದನವೊಂದರಲ್ಲಿ ಎಡತೋಳನ್ನು ಕಳೆದುಕೊಂಡರು. ಕತ್ತಿ ಎಳೆಯಬೇಕಾದರೆ ಎಡಗೈಯಿಂದ ಒರೆಯನ್ನು ಹಿಡಿದುಕೊಳ್ಳಬೇಕು. ಆ ಕೈಯೇ ಇಲ್ಲದವರು ಒರೆ ಅಲುಗದಂತೆ ಹೆಗಲಿನಿಂದ ಪಟ್ಟಿ ಕಟ್ಟಿಕೊಂಡರು. ಒಬ್ಬ ಅಂಗವಿಕಲನ ಅಗತ್ಯವು ಅರ್ಧ ಜಗತ್ತಿನ ಸಮವಸ್ತ್ರವಾಯಿತು. ಅಗತ್ಯ ಮರೆತುಹೋಗಿ ಪಟ್ಟಿ ಉಳಿಯಿತು. ತೊಡೆಯ ಒರೆಯದೂ ಇದೇ ಕಥೆ. 1980ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ನುಗ್ಗಿದ ಬ್ರಿಟನ್ನಿನ ಎಸ್‌ಎಎಸ್ ಪಡೆಯವರು ಪಿಸ್ತೂಲನ್ನು ತೊಡೆಗೆ ಕಟ್ಟಿದ್ದರು. ಸೊಂಟವೆಲ್ಲ ಬೇರೆ ಸಲಕರಣೆಗಳಿಂದ ತುಂಬಿದವರಿಗೆ ಅದು ಸಹಜವಾದ ದಾರಿ. ಟಿವಿಯಲ್ಲಿ ಕಂಡ ಆ ಕಪ್ಪು ಆಕೃತಿಗಳನ್ನು ಜಗತ್ತಿನ ಪೊಲೀಸರು ಅನುಕರಿಸಿದರು, ಕಾರಣವನ್ನು ಕೇಳಲಿಲ್ಲ. ನನ್ನ ಸೋದರಳಿಯನೂ ಎದೆಯ ಜಾಗವನ್ನು ಮೊದಲು ಆರಿಸಿದ್ದು ಚಿತ್ರಗಳಲ್ಲಿ ನೋಡಿ ಎಂದು ಒಪ್ಪಿಕೊಂಡ. ಎದೆಯ ಜಾಗ ಒಪ್ಪುವುದು ದಿನವಿಡೀ ವಾಹನದೊಳಗೆ ಕುಳಿತಿರುವವರಿಗೆ. ಇವನ ಕೆಲಸ ನಡಿಗೆಯದು, ಮಲಗಿ ಕಾಯುವುದು.

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಈ ಸೀಮೆಯ ಊರೂರಿನ ಕೆರೆಯೇರಿಗಳಲ್ಲಿ, ಗುಡಿಯಂಗಳಗಳಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕದನ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ನೋಟ, ಮೇಲೆ ದೇವರ ಸನ್ನಿಧಿ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯ ರೈತನೂ ಅಲ್ಲಿ ವೀರನೇ. ಎಷ್ಟೋ ಕಲ್ಲುಗಳಲ್ಲಿ ಅವನ ಕೈಯಲ್ಲಿ ಕತ್ತಿ ಇಲ್ಲವೆ ಬಿಲ್ಲು, ನಡುಪಟ್ಟಿಯಲ್ಲಿ ಒಂದು ಸುರಿಗೆ. ಹಳಗನ್ನಡದ ಈ ಪದವನ್ನು ನಾವು ಮರೆತಿದ್ದೇವೆ. ದೊಡ್ಡ ಆಯುಧ ಮುರಿದಾಗ, ಜಾರಿದಾಗ, ಹೊಡೆದಾಟ ಮೈಗೆ ಮೈ ತಾಗುವಷ್ಟು ಹತ್ತಿರವಾದಾಗ ಬೇಕಾಗುವುದು ಅದೇ. ಇಂದಿನ ಸೈನಿಕನ ಪಿಸ್ತೂಲಿನ ಪಾತ್ರವೂ ಇಷ್ಟೇ. ಕಲ್ಲುಕುಟಿಗನು ಅದನ್ನು ನಡುವಿನಲ್ಲೇ ಕೆತ್ತಿದ್ದು ಅಲಂಕಾರಕ್ಕಲ್ಲ. ಮನುಷ್ಯನ ಕೈ ಇಳಿಬಿಟ್ಟರೆ ಬಂದು ನಿಲ್ಲುವ ಜಾಗ ಅದು. ತೆಂಗಿನ ಮಟ್ಟೆ ನಮಗೆ ಹಿಂದಿನ ದಿನ ಹೇಳಿದ್ದೂ ಅದನ್ನೇ.

ಕೊನೆಗೆ ಹೊಯ್ಸಳೇಶ್ವರ ದೇಗುಲದ ಆವರಣದ ಗರುಡಗಂಬದ ಬಳಿ ನಿಂತೆವು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇದನ್ನು ಗಮನಿಸದೆಯೇ ಹೋಗುತ್ತಾರೆ. ಇದು ಎರಡನೆಯ ವೀರಬಲ್ಲಾಳನ ಆಪ್ತ ದಂಡನಾಯಕ ಕುವರ ಲಕ್ಷ್ಮನ ಸ್ಮಾರಕ. ಅರಸನನ್ನು ಕಾಯುವವರಿಗೆ, ಅವನೊಡನೆ ಸಾಯುವ ವೇಳೆವಾಳಿಯ ವ್ರತ ಹಿಡಿದವರಿಗೆ ಆ ಕಾಲದಲ್ಲಿ ಗರುಡರೆಂದು ಹೆಸರು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮನೂ ಅವನ ಮಡದಿಯೂ ಅವರ ಪರಿವಾರದ ಸಾವಿರ ವೀರರೂ ಪ್ರಾಣ ಬಿಟ್ಟರೆಂದು ಕಂಬದ ಶಾಸನ ಸ್ಮರಿಸುತ್ತದೆ. ಕಂಬದ ಮೇಲಿನ ಕಿರುಶಿಲ್ಪಗಳಲ್ಲಿ ವೀರರ ಕೈಯಲ್ಲಿ ಕತ್ತಿಗಳಿವೆ. ಎದುರಿಗೆ ಶತ್ರುವಿಲ್ಲ. ಕತ್ತಿ ತಮ್ಮ ಮೇಲೆಯೇ ತಿರುಗಿದೆ.

ನಮ್ಮ ಅರಸೀಕೆರೆಯ ಈಶ್ವರ ದೇಗುಲವೂ ಸುಮಾರು ಆ ವರ್ಷದ್ದೇ. ಅದರ ನಕ್ಷತ್ರಾಕಾರದ ಮಂಟಪದಲ್ಲಿ ಆಡಿ ಬೆಳೆದ ಹುಡುಗ ಈ ಕಂಬವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ ಮಾತನ್ನು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಅವನ ತುಕಡಿಯ ಒಬ್ಬ ಜವಾನ, ರಜೆ ಮುಗಿಸಿ ಬಂದ ಮೂರನೆಯ ರಾತ್ರಿ, ಕಾವಲು ಮುಗಿದ ಮೇಲೆ, ಆಯುಧವನ್ನು ಇನ್ನೂ ಹಿಂದಿರುಗಿಸದಿದ್ದ ಹೊತ್ತಿನಲ್ಲಿ ತನ್ನನ್ನೇ ಕೊಂದುಕೊಂಡ. ‘ಅವನ ಆಯುಧ ಸರಿಯಾದ ಜಾಗದಲ್ಲೇ ಇತ್ತು ಮಾವ. ಅದೇ ತೊಂದರೆಯಾದದ್ದು’ ಎಂದ.

ಕೈಗೆ ಬೇಗ ಎಟುಕುವ ಆಯುಧ ಮೂವರಿಗೆ ಎಟುಕುತ್ತದೆ. ಕಾಪಾಡಿಕೊಳ್ಳಬೇಕಾದ ನಮಗೆ, ಕಸಿದುಕೊಳ್ಳುವ ಪರರಿಗೆ, ಹಾಗೂ ಎಲ್ಲವೂ ಸಾಕೆನಿಸಿದ ಗಳಿಗೆಯ ನಮ್ಮದೇ ಮನಸ್ಸಿಗೆ. ಒರೆಯ ತಯಾರಕರು ಮೊದಲ ಎರಡನ್ನು ಯೋಚಿಸುತ್ತಾರೆ. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಬಿಡುವ ಕೊಂಡಿ, ಬೇರೆ ದಿಕ್ಕಿನಿಂದ ಎಳೆದರೆ ಬಾರದ ಬೀಗ ಇವೆಲ್ಲ ಈಗ ಇವೆ. ಮೂರನೆಯದಕ್ಕೆ ಯಾವ ಕೊಂಡಿಯೂ ಇಲ್ಲ. ಅದಕ್ಕಿರುವ ದಾರಿ ಸಮಯಕ್ಕೆ ಸರಿಯಾಗಿ ತೆರೆಯುವ ಶಸ್ತ್ರಾಗಾರ, ನಿದ್ದೆ, ರಜೆ, ‘ಇವತ್ತು ನನ್ನ ಕೈಗೆ ಆಯುಧ ಬೇಡ ಸಾರ್’ ಎಂದು ಹೇಳಿದವನನ್ನು ಹೇಡಿಯೆಂದು ಕರೆಯದ ಮೇಲಧಿಕಾರಿ.

ಇಲಾಖೆಗಳು ಮಾಡಬಹುದಾದದ್ದು ಬಹಳವಿಲ್ಲ, ಆದರೆ ಇದೆ. ಗಸ್ತು ವಾಹನದಲ್ಲಿ ಕೂರುವವರಿಗೆ, ಜಾತ್ರೆಯ ನಡುವೆ ನಿಲ್ಲುವವರಿಗೆ, ಕವಚ ತೊಟ್ಟು ನುಗ್ಗುವವರಿಗೆ ಒಂದೇ ಬಗೆಯ ಒರೆಯನ್ನು ಹಂಚದೆ ಕೆಲಸ ನೋಡಿ ಕೊಡಬೇಕು. ಎಡಚರಿಗೂ, ಈಗ ದೊಡ್ಡ ಸಂಖ್ಯೆಯಲ್ಲಿ ಸೇವೆಗೆ ಬರುತ್ತಿರುವ ಮಹಿಳೆಯರಿಗೂ ಅವರ ಮೈಕಟ್ಟಿಗೆ ಒಪ್ಪುವ ಬೆಲ್ಟು ಬೇಕು. ಗುಂಡು ಹಾರಿಸುವ ಅಭ್ಯಾಸದಷ್ಟೇ ಗುಂಡಿಲ್ಲದೆ ಒರೆಯಿಂದ ತೆಗೆಯುವ, ಮರಳಿ ಇಡುವ, ಕಸಿಯುವವನಿಂದ ಉಳಿಸಿಕೊಳ್ಳುವ ಅಭ್ಯಾಸವೂ ನಡೆಯಬೇಕು. ಇದಕ್ಕೆ ಮದ್ದುಗುಂಡಿನ ಖರ್ಚೂ ಇಲ್ಲ. ಗನ್‌ಮ್ಯಾನ್‌ಗಳು ಒರೆಯಿಲ್ಲದೆ ಪ್ಯಾಂಟಿನ ಬೆನ್ನಿಗೆ ಪಿಸ್ತೂಲು ಸಿಕ್ಕಿಸಿಕೊಳ್ಳುವುದನ್ನು ಯಾವ ಅಧಿಕಾರಿಯೂ ಕಂಡು ಸುಮ್ಮನಿರಬಾರದು. ಖಾಸಗಿ ಪರವಾನಗಿದಾರರಂತೂ ಸಮಾರಂಭಗಳಿಗೆ ಆಯುಧ ತರುವ ಚಪಲವನ್ನೇ ಬಿಡಬೇಕು. ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿಯು ಎರಡು ವರ್ಷದವರೆಗಿನ ಸೆರೆಗೆ ಅರ್ಹವಾದ ಅಪರಾಧವನ್ನಾಗಿಸಿದೆ.

ಜಾವಗಲ್ ದಾಟಿ ಅರಸೀಕೆರೆಯ ದಾರಿಯಲ್ಲಿ ಬರುವಾಗ ಹುಡುಗ ತನ್ನ ತೀರ್ಮಾನ ಹೇಳಿದ. ಬಲಸೊಂಟ, ಕವಚದಿಂದ ನಾಲ್ಕು ಬೆರಳು ಕೆಳಗೆ, ಹೆಬ್ಬೆರಳಿನ ಕೊಂಡಿಯ ಒರೆ. ಅಗತ್ಯ ಬಿದ್ದರೆ ಎಡಗೈಯಿಂದಲೂ ತೆಗೆಯುವ ಅಭ್ಯಾಸ. ನಾನು ಒಪ್ಪಿದೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಸೇರಿಸಿದ: ‘ಕಾವಲು ಮುಗಿದ ಕೂಡಲೇ ಎಲ್ಲರ ಆಯುಧವನ್ನೂ ನಾನೇ ಎಣಿಸಿ ಒಳಗಿಡಿಸುತ್ತೇನೆ. ಅದು ನನ್ನ ಕೆಲಸವಲ್ಲ, ಆದರೂ ಮಾಡುತ್ತೇನೆ.’

ಮನೆಗೆ ಬಂದಾಗ ಜಗಲಿಯ ಮೇಲೆ ಆ ತೆಂಗಿನ ಮಟ್ಟೆಯ ತುಂಡು ಹಾಗೆಯೇ ಬಿದ್ದಿತ್ತು. ಅವನ ತಾಯಿ ಅದನ್ನೆತ್ತಿ ನೀರೊಲೆಗೆ ಹಾಕಿದಳು.